ಹತ್ತೊಂಬತ್ತರ ಮಗ್ಗಿ ಮತ್ತು ಒಂಟಿ ಚಕ್ರ

ಹೋದ ತಿಂಗಳು ನಮ್ಮ ಲೆಕ್ಕದ ಮೇಷ್ಟ್ರಿಗೆ ಬೀಳ್ಕೊಡುಗೆ ಸಮಾರಂಭ ನಡೆಯಿತು. ಶಾಲೆಯ ಅಂಗಳದಲ್ಲಿ ಶಾಮಿಯಾನ, ಗಂಧದ ಹಾರ, ಜರಿ ಶಾಲು, ಫಲತಾಂಬೂಲ. ಭಾಷಣ ಮಾಡಿದವರೆಲ್ಲ ಒಂದೇ ಅಂಗಡಿಯಲ್ಲಿ ಮಾತು ಕೊಂಡು ತಂದ ಹಾಗಿತ್ತು: ಶಿಸ್ತು, ಸಮಯಪಾಲನೆ, ಸರಳತೆ. ಮೇಷ್ಟ್ರು ಮಾತ್ರ ಕುರ್ಚಿಯಲ್ಲಿ ಕೂತು, ಕಿವಿಯ ಮೇಲೆ ಸಿಕ್ಕಿಸಿದ್ದ ಸೀಮೆಸುಣ್ಣವನ್ನು ತೆಗೆಯಲು ಮರೆತು, ಇದೆಲ್ಲ ಯಾರ ವಿಷಯ ಎಂಬಂತೆ ನೋಡುತ್ತಿದ್ದರು.

ನಾನು ಅವರ ಹಳೆಯ ವಿದ್ಯಾರ್ಥಿ. ಈಗ ಹಗಲು ಗುಮಾಸ್ತ, ಗಣೇಶನ ಹಬ್ಬ ಬಂದರೆ ಮಿಮಿಕ್ರಿ ಕಲಾವಿದ. ಕಲಾವಿದ ಎಂಬ ಪದವನ್ನು ನಾನೇ ಸೇರಿಸಿಕೊಂಡಿದ್ದೇನೆ. ಬೇರೆ ಯಾರೂ ಸೇರಿಸುವ ಲಕ್ಷಣ ಕಾಣದಿದ್ದಾಗ ಇನ್ನೇನು ಮಾಡಲಿ? ಹೆಡ್ ಮೇಷ್ಟ್ರು ನನ್ನನ್ನು ವೇದಿಕೆಯ ಹಿಂದಕ್ಕೆ ಕರೆದರು. "ನೋಡಪ್ಪಾ, ಅವರ ಥರ ಐದು ನಿಮಿಷ ಮಾತಾಡು, ಜನ ನಗಲಿ. ಆದ್ರೆ ಆ ಒಂಟಿ ಚಕ್ರದ ವಿಷಯ ಮಾತ್ರ ಎತ್ಬೇಡ. ದೊಡ್ಡೋರೆಲ್ಲ ಬಂದಿದಾರೆ. ಶಾಲೆ ಮರ್ಯಾದೆ ಪ್ರಶ್ನೆ."

ಆಗಲಿ ಸಾರ್ ಅಂದೆ. ಮೇಷ್ಟ್ರ ಹಾಗೆ ಮೂಗಿನಿಂದ "ಹ್ಞೂಂ... ಮುಂದೆ?" ಅಂದೆ, ಜನ ನಕ್ಕರು, ಒಂದು ನಿಂಬೆಹಣ್ಣು ಕೊಟ್ಟು ಕಳಿಸಿದರು. ಆದರೆ ಆ ಚಕ್ರವನ್ನು ಬಿಟ್ಟು ನಮ್ಮ ಮೇಷ್ಟ್ರ ಬಗ್ಗೆ ಮಾತಾಡುವುದು ಉಪ್ಪು ಹಾಕದ ಸಾರು ಬಡಿಸಿದ ಹಾಗೆ. ಬಡಿಸಿದವನಿಗೇ ನಾಚಿಕೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಹೆಸರು ಮಾತ್ರ ಬರೆಯುವುದಿಲ್ಲ. ಕೇಳಿದ್ದಕ್ಕೆ ಅವರು ಹೇಳಿದ್ದು ಇಷ್ಟು: "ಬೇಡ ಕಣೋ, ಗ್ರಾಮಫೋನು. ನೀನು ಬರೆದ್ರೆ ನನ್ನ ಹೆಸರಲ್ಲೂ ಎರಡು ತಪ್ಪಿರತ್ತೆ." ಗ್ರಾಮಫೋನು ಅಂದರೆ ನಾನು. ಎಂಟನೇ ಕ್ಲಾಸಿನಲ್ಲಿ ಅವರ ಬೆನ್ನ ಹಿಂದೆ ಅವರದೇ ದನಿ ತೆಗೆದು ಸಿಕ್ಕಿಬಿದ್ದ ದಿನ ಆದ ನಾಮಕರಣ.

ಕಚ್ಚೆ ಪಂಚೆ, ಕರಿ ಕೋಟು, ಕಾಲಿಗೆ ದಪ್ಪ ಕ್ರೇಪ್ ಅಟ್ಟೆಯ ಬಿಳಿ ಕ್ಯಾನ್ವಾಸ್ ಶೂ. ಅವರ ವೇಷವೇ ಹೀಗೆ ಮೇಲೊಂದು ಊರು, ಕೆಳಗೊಂದು ಊರು. ಜಯನಗರದ ನಮ್ಮ ಬೀದಿ ಆಗಿನ್ನೂ ಅರ್ಧ ಮನೆ, ಅರ್ಧ ಹುರುಳಿ ಹೊಲ. ಸಂಜೆ ಹೊತ್ತಿಗೆ ಆ ಬೀದಿಯಲ್ಲಿ ಮೇಷ್ಟ್ರು ಒಂದೇ ಚಕ್ರದ ಮೇಲೆ ಕೂತು, ಕೈ ಎರಡೂ ರೆಕ್ಕೆಯ ಹಾಗೆ ಬಿಚ್ಚಿ, ಮಗ್ಗಿ ಹೇಳುತ್ತ ಬರುತ್ತಿದ್ದರು. ಹೊಸಬರು ಯಾರೇ ಆಗಲಿ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಇನ್ನೊಂದು ಚಕ್ರ ಎಲ್ಲಿ ಸಾರ್?" ಮೇಷ್ಟ್ರು ಕೊಡುತ್ತಿದ್ದದ್ದೂ ಒಂದೇ ಉತ್ತರ: "ಹಿಂದೆ ಬರ್ತಾ ಇದೆ, ದಾರಿ ಬಿಡಿ." ಕೇಳಿದವನು ನಿಜವಾಗಿ ಪಕ್ಕಕ್ಕೆ ಸರಿದು ಹಿಂದೆ ನೋಡುತ್ತಿದ್ದ. ಅಷ್ಟರಲ್ಲಿ ಇವರು ತಿರುವು ದಾಟಿರುತ್ತಿದ್ದರು.

ಆ ಚಕ್ರ ಅವರಿಗೆ ಸಿಕ್ಕಿದ್ದು ಸಿದ್ದಾಪುರದ ಬಾಷಾ ಸಾಬರ ಸೈಕಲ್ ಶಾಪಿನಲ್ಲಿ. ಯಾವುದೋ ಸರ್ಕಸ್ಸಿನವರು ರಿಪೇರಿಗೆ ಬಿಟ್ಟು, ಡೇರೆ ಕಿತ್ತುಕೊಂಡು ಊರು ಬಿಟ್ಟಿದ್ದರು. ಮೇಷ್ಟ್ರು ತಮ್ಮ ಸೈಕಲ್ಲಿನ ಪಂಕ್ಚರ್ ಹಾಕಿಸಲು ಹೋದವರು ಅದನ್ನು ಎತ್ತಿಕೊಂಡು ಬಂದರು. ಇದಕ್ಕೆ ಚೈನ್ ಇಲ್ಲ, ಪಂಚೆ ಸಿಕ್ಕಿಕೊಳ್ಳುವುದಿಲ್ಲ ಎನ್ನುವುದು ಅವರು ಮನೆಯಲ್ಲಿ ಕೊಟ್ಟ ಕಾರಣ. ಹಿತ್ತಲಿನಲ್ಲಿ ಬಟ್ಟೆ ಒಣಹಾಕುವ ತಂತಿ ಹಿಡಿದು ಕಲಿಯಲು ಶುರು ಮಾಡಿದರು. ಮೊದಲ ದಿನವೇ ಬೀಳುವಾಗ ಕೈಗೆ ಸಿಕ್ಕಿದ್ದು ಅವರ ತಾಯಿಯ ಮಡಿ ಸೀರೆ. ಅಜ್ಜಿ ಒಳಗಿನಿಂದ ಕೂಗಿದ್ದು ನಮ್ಮ ಮನೆಗೂ ಕೇಳಿಸಿತು: "ಬಿದ್ರೆ ಬೀಳು, ಸೀರೆ ಮುಟ್ಬೇಡ!"

ಆ ಅಜ್ಜಿಯ ವಿಷಯ ಹೇಳದೆ ಮುಂದೆ ಹೋಗುವ ಹಾಗಿಲ್ಲ. ಮೇಷ್ಟ್ರು ಚಿಕ್ಕವರಿದ್ದಾಗ ಜೋರು ಜ್ವರ ಬಂದು ಎಡಗಾಲು ಸೋತುಹೋಯಿತಂತೆ. ಆಗ ಅಜ್ಜಿ ಸಾರಕ್ಕಿ ಆಚೆಯ ಗುಡ್ಡದ ಹನುಮಂತರಾಯನಿಗೆ ಹರಕೆ ಹೊತ್ತರು: ನನ್ನ ಮಗ ನಡೆದಾಡುವ ಹಾಗಾದರೆ, ಅವನ ಕಾಲು ನಿನ್ನ ಗುಡ್ಡದ ನೆಲಕ್ಕೆ ತಾಗದ ಹಾಗೆ ತಂದು ನಿನ್ನ ಮುಂದೆ ನಿಲ್ಲಿಸುತ್ತೇನೆ. ಮಗ ನಡೆದ. ಆದರೆ ಗಂಡನಿಗೆ ವರ್ಗವಾಗಿ ಊರೂರು ಅಲೆದರು, ಮಗ ಬೆಳೆದು ಭಾರವಾದ, ಹರಕೆ ಹಾಗೇ ಉಳಿಯಿತು. ಈಗ ಅಜ್ಜಿಗೆ ಕಣ್ಣು ಮಂಜು, ಮಂಡಿ ಹಿಡಿತ. ಕೂತಲ್ಲಿ ನಿಂತಲ್ಲಿ ಅದೇ ಮಾತು: "ನಾನು ಹೋಗೋದ್ರೊಳಗೆ ಅದೊಂದು ತೀರಿಸ್ಬಿಡೋ. ಅಲ್ಲಿ ಹೋದ್ಮೇಲೆ ಆ ಹನುಮಂತರಾಯನ ಮುಖ ಹೇಗೆ ನೋಡ್ಲಿ?"

ಬೀದಿಯವರೆಲ್ಲ ಉಪಾಯ ಹೇಳಿದರು. ಡೋಲಿ ಮಾಡಿಸಿ ಅಂದರು. "ನಾಲ್ಕು ಜನ ನನ್ನ ಹೊರೋ ಕಾರ್ಯಕ್ರಮ ಒಂದ್ಸಲ ಸಾಕು, ಅದನ್ನ ನಾನು ನೋಡ್ಬೇಕಾಗೂ ಇಲ್ಲ" ಅಂದರು ಮೇಷ್ಟ್ರು. ಎತ್ತಿನ ಗಾಡಿಯಲ್ಲಿ ಕೂತುಕೊಂಡು ಹೋಗು ಅಂದರು ಅಜ್ಜಿ. ಗುಡ್ಡಕ್ಕೆ ಕಲ್ಲು ಸಾಗಿಸುವ ಗಾಡಿದಾರಿ ಇತ್ತು, ಹೋಗಬಹುದಾಗಿತ್ತು. ಆಗ ಮೇಷ್ಟ್ರು ಹೇಳಿದ ಮಾತು ನನಗೆ ಬಾಯಿಪಾಠ: "ಅಮ್ಮಾ, ಕಾಲು ಕೊಡು ಅಂತ ನೀನು ಕೇಳ್ಕೊಂಡೆ, ಅವನು ಕೊಟ್ಟ. ಕೊಟ್ಟೋನ ಮನೆಗೆ ಎತ್ತಿನ ಕಾಲಲ್ಲಿ ಹೋದ್ರೆ ಅವನಿಗೆ ಬೇಜಾರಾಗಲ್ವಾ?"

"ಹಂಗಾದ್ರೆ ಸೈಕಲ್ಲಲ್ಲಿ ಹೋಗಿ ಸಾರ್" ಅಂದೆ ನಾನು, ಬುದ್ಧಿವಂತನ ಹಾಗೆ.

"ಆ ಏರಲ್ಲಿ ಸೈಕಲ್ ಇಳಿದು ತಳ್ಳದೇ ಇರೋ ಗಂಡಸನ್ನ ತೋರ್ಸು. ಒಂದ್ಸಲ ಪೆಡಲ್ ತುಳಿದ್ರೆ ಸೈಕಲ್ ಚಕ್ರ ಎರಡೂವರೆ ಸುತ್ತು ಹೋಗ್ಬೇಕು ಅನ್ನತ್ತೆ. ಆಸೆಬುರುಕು. ಏರಲ್ಲಿ ಆಸೆ ನಡೆಯಲ್ಲ. ಒಂಟಿ ಚಕ್ರ ಹಂಗಲ್ಲ. ಒಂದು ತುಳಿತ, ಒಂದು ಸುತ್ತು. ಹ್ಞೂಂ... ಮುಂದೆ?"

ಎಂಟನೇ ಕ್ಲಾಸಿನಲ್ಲಿ ಮಾಡುತ್ತಿದ್ದ ಹಾಗೇ ತಲೆ ಕೆರೆದುಕೊಂಡೆ.

ಆದರೆ ಯಾವ ಚಕ್ರ? ಸರ್ಕಸ್ಸಿನದು ಇಪ್ಪತ್ತು ಇಂಚಿನ ಪುಟ್ಟ ಚಕ್ರ. ಸಿಮೆಂಟಿನ ನೆಲದ ಮೇಲೆ ರಾಣಿಯ ಹಾಗೆ ಓಡುತ್ತಿತ್ತು, ಜಲ್ಲಿ ಕಂಡರೆ ಮಾತ್ರ ಅಲ್ಲೇ ಕೂತುಬಿಡುತ್ತಿತ್ತು. ಗಾಡಿದಾರಿಯ ಗುಂಡಿಗೆ ಅದು ಇಳಿದರೆ ಮೇಷ್ಟ್ರನ್ನು ಹುಡುಕಬೇಕಾಗುತ್ತಿತ್ತು. ಸರಿ, ದೊಡ್ಡವರ ಸೈಕಲ್ಲಿನ ಇಪ್ಪತ್ತೆಂಟು ಇಂಚಿನ ಚಕ್ರಕ್ಕೆ ಬಾಷಾ ಸಾಬರು ಫೋರ್ಕು, ಸೀಟು ಕೂಡಿಸಿ, ಮಕ್ಕಳ ಸೈಕಲ್ಲಿನ ಗಿಡ್ಡ ಕ್ರ್ಯಾಂಕ್ ಹಾಕಿಕೊಟ್ಟರು. ಕ್ರ್ಯಾಂಕ್ ಅಂದರೆ ಪೆಡಲಿಗೂ ಚಕ್ರದ ನಡುವಿಗೂ ಇರುವ ಆ ಕಬ್ಬಿಣದ ಕೈ. ಗಿಡ್ಡ ಕ್ರ್ಯಾಂಕಿನಲ್ಲಿ ಮೇಷ್ಟ್ರು ಸಮ ದಾರಿಯಲ್ಲಿ ಹೋಗುತ್ತಿದ್ದರೆ ಮೈಸೂರು ಮಹಾರಾಜರ ಅಂಬಾರಿಯೇ. ಮೇಲೆ ಕೂತವರ ಕರಿ ಕೋಟು ಅಲುಗುತ್ತಿರಲಿಲ್ಲ. ಬ್ಯೂಗಲ್ ರಾಕ್ ಪಕ್ಕದ ಏರಿಗೆ ಬಂದರೆ ಮಾತ್ರ ಫೋಟೋಗೆ ನಿಂತ ಹಾಗೆ ಒಂದು ಕ್ಷಣ ನಿಂತು, ಆಮೇಲೆ ಮರ್ಯಾದೆಯಿಂದ ಹಿಂದಕ್ಕೆ ಬೀಳುತ್ತಿದ್ದರು.

ಮೇಷ್ಟ್ರು ಬಾಷಾ ಸಾಬರ ಶಾಪಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ವೃತ್ತ ಬರೆದರು. "ಬೀಸೋ ಕಲ್ಲು ನೋಡಿದೀರಲ್ಲ ಸಾಬ್ರೇ? ಗೂಟ ನಡುವಿಗೆ ಹತ್ರ ಇದ್ರೆ ಕೈ ನೋಯತ್ತೆ, ಅಂಚಿಗಿದ್ರೆ ಹಗುರ. ಇದೂ ಹಂಗೇ. ಏರು ಹತ್ತೋಕೆ ಕ್ರ್ಯಾಂಕು ತ್ರಿಜ್ಯದ ಅರ್ಧ ಇರ್ಬೇಕು. ಇಪ್ಪತ್ತೆಂಟಕ್ಕೆ ತ್ರಿಜ್ಯ ಹದಿನಾಲ್ಕು, ಕ್ರ್ಯಾಂಕು ಏಳು. ಹಾಕಿ."

ಹಾಕಿದರು. ಲೆಕ್ಕ ಸರಿಯಾಗಿತ್ತು, ಮಂಡಿ ತಪ್ಪಾಗಿತ್ತು. ಪ್ರತಿ ಸುತ್ತಿಗೂ ಮಂಡಿ ಎದ್ದು ಬಂದು ಹೊಟ್ಟೆಗೆ ಗುದ್ದುತ್ತಿತ್ತು, ಮೇಷ್ಟ್ರು ಗಡಿಯಾರದ ಲೋಲಕದ ಹಾಗೆ ಆಚೆ ಈಚೆ ತೂಗುತ್ತಿದ್ದರು. ಅದರಲ್ಲೂ ಎಡಕ್ಕೆ ಜಾಸ್ತಿ.

"ಸಾರ್, ನಿಮ್ ಲೆಕ್ಕಕ್ಕೆ ಹೊಟ್ಟೆ ಇಲ್ಲ" ಅಂದರು ಬಾಷಾ ಸಾಬರು.

"ನಿಮ್ಮ ರಿಪೇರಿಗೆ ಲೆಕ್ಕ ಇಲ್ಲ" ಅಂದರು ಮೇಷ್ಟ್ರು.

ಹೀಗೆ ಜಗಳವಾಡುತ್ತಲೇ ಇಬ್ಬರೂ ಸೇರಿ ಇಪ್ಪತ್ತನಾಲ್ಕು ಇಂಚಿನ ಚಕ್ರಕ್ಕೆ ಬಂದು ನಿಂತರು. ತ್ರಿಜ್ಯ ಹನ್ನೆರಡು, ಕ್ರ್ಯಾಂಕು ಆರು. ಪ್ರಮಾಣ ಅದೇ, ಹೊಟ್ಟೆಗೆ ನೆಮ್ಮದಿ. ಕಲ್ಲು ಗುಂಡಿ ದಾಟುವಷ್ಟು ದೊಡ್ಡದು, ಏರಿಗೆ ಹಟ ಮಾಡದಷ್ಟು ಚಿಕ್ಕದು. ಇಳಿಯುವುದಕ್ಕೂ ಇದೇ ಒಳ್ಳೆಯದು ಎಂದು ಮೇಷ್ಟ್ರಿಗೆ ಖಾತ್ರಿಯಾಗಿತ್ತು. ಒಂಟಿ ಚಕ್ರಕ್ಕೆ ಬ್ರೇಕ್ ಇಲ್ಲ, ತಡೆಯಬೇಕಾದ್ದು ಕಾಲೇ, ಗಿಡ್ಡ ಕ್ರ್ಯಾಂಕಿದ್ದರೆ ಚಕ್ರವೇ ಕಾಲನ್ನು ಎಳೆದುಕೊಂಡು ಹೋಗುತ್ತದೆ. "ಹತ್ತೋಕೆ ಹಟ ಸಾಕು ಕಣೋ, ಇಳಿಯೋಕೆ ಬುದ್ಧಿ ಬೇಕು" ಅನ್ನುತ್ತಿದ್ದರು. ಬೆಳಬೆಳಗ್ಗೆ ಲಾಲ್‌ಬಾಗಿನ ಬಂಡೆಯ ಮೇಲೆ ಹತ್ತಿ ಇಳಿದು ಅಭ್ಯಾಸ. ಕಾವಲುಗಾರ ಅಟ್ಟಿಸಿಕೊಂಡು ಬಂದರೆ ನಾನು ತೋಟದ ಸಾಹೇಬರ ದನಿಯಲ್ಲಿ ಪೊದೆಯ ಹಿಂದಿನಿಂದ ಗದರಿಸುತ್ತಿದ್ದೆ, ಅವನು ಸಲಾಮು ಹೊಡೆದು ಹಿಂತಿರುಗುತ್ತಿದ್ದ. ನನ್ನ ವಿದ್ಯೆಗೆ ಸಿಕ್ಕ ಮೊದಲ ಸರ್ಕಾರಿ ಮನ್ನಣೆ ಅದು.

ಹತ್ತುವಾಗ ಮೇಷ್ಟ್ರಿಗೆ ಮಗ್ಗಿ ಬೇಕು. ಒಂದು ತುಳಿತಕ್ಕೆ ಒಂದು ಸಾಲು. ಸಣ್ಣ ಏರಿಗೆ ಹದಿಮೂರರ ಮಗ್ಗಿ, ದೊಡ್ಡ ಏರಿಗೆ ಹತ್ತೊಂಬತ್ತರದು. "ಸುಲಭದ ಮಗ್ಗಿ ಹೇಳಿದ್ರೆ ತಲೆ ಖಾಲಿ ಇರತ್ತೆ, ಖಾಲಿ ತಲೆಗೆ ಭಯ ಬಂದು ಕೂರತ್ತೆ."

ಕೊನೆಗೆ ಒಂದು ಶನಿವಾರ ಹೊರಟೆವು. ಎತ್ತಿನ ಗಾಡಿಯಲ್ಲಿ ಅಜ್ಜಿ, ಮೇಷ್ಟ್ರು, ಚಕ್ರ. ಹಿಂದೆ ಸೈಕಲ್ಲಿನಲ್ಲಿ ಬಾಷಾ ಸಾಬರು, ಅವರ ಕ್ಯಾರಿಯರ್ ಮೇಲೆ ನಾನು. ಬನಶಂಕರಿ ದಾಟಿ, ಸಾರಕ್ಕಿ ಕೆರೆ ದಾಟಿ ಗುಡ್ಡದ ಬುಡಕ್ಕೆ ಬಂದೆವು. ಅಲ್ಲೊಂದು ಕಲ್ಲುಗಂಬ. ಅದರಿಂದಾಚೆಗೆ ಹನುಮಂತರಾಯನ ನೆಲ, ಅಲ್ಲಿಂದ ಕಾಲು ತಾಗುವ ಹಾಗಿಲ್ಲ. ಮೇಷ್ಟ್ರು ಗಾಡಿಯ ಹಿಂಭಾಗದಿಂದಲೇ ಚಕ್ರದ ಮೇಲೆ ಕೂತರು. ಅಜ್ಜಿ ಗಾಡಿಯವನಿಗೆ, "ನೀನು ಮುಂದೆ ಹೊಡಿಯಪ್ಪ, ಅವನು ಬೀಳೋದು ನೋಡೋಕೆ ನಂಗಾಗಲ್ಲ" ಅಂದು ಮೇಲಕ್ಕೆ ಹೋದರು.

ಮೇಷ್ಟ್ರು ಕಲ್ಲುಗಂಬ ದಾಟಿದರು. ಆಲದ ಮರದ ಕೆಳಗೆ ಹೂವು ಮಾರುವ ಹೆಂಗಸು ಕೂತಿದ್ದಳು. ಒಂಟಿ ಚಕ್ರ ನೋಡಿ ಅವಳಿಗೇನೂ ಆಶ್ಚರ್ಯವಾಗಲಿಲ್ಲ. ಆಶ್ಚರ್ಯವಾದದ್ದು ಬೇರೆ ವಿಷಯಕ್ಕೆ.

"ಅಯ್ಯೋ ಸಾಮೀ, ಮೆಟ್ಟು ಹಾಕ್ಕೊಂಡೇ ಹೋಯ್ತಿದೀರಲ್ಲಾ! ಹನುಮಂತರಾಯನ ಗುಡ್ಡ ಕಣ್ಸಾಮೀ ಇದು!"

ಮೇಷ್ಟ್ರು ಥಟ್ಟನೆ ಆಲದ ಬಿಳಲು ಹಿಡಿದು ನಿಂತರು. ಮೂವರೂ ಒಬ್ಬರ ಮುಖ ಒಬ್ಬರು ನೋಡಿದೆವು. ಚಕ್ರ ಅಳೆದಿದ್ದೆವು, ಕ್ರ್ಯಾಂಕ್ ಅಳೆದಿದ್ದೆವು, ಹೊಟ್ಟೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡಿದ್ದೆವು. ದೇವರ ಗುಡ್ಡಕ್ಕೆ ಶೂ ಹಾಕಿಕೊಂಡು ಯಾರಾದರೂ ಹತ್ತುತ್ತಾರೆಯೇ ಎಂಬುದು ಸಂಧ್ಯಾವಂದನೆ ಮಾಡುವ ಮೇಷ್ಟ್ರಿಗೂ ಹೊಳೆದಿರಲಿಲ್ಲ, ಶುಕ್ರವಾರ ತಪ್ಪದೆ ಚಪ್ಪಲಿ ಕಳಚಿ ನಮಾಜಿಗೆ ಹೋಗುವ ಬಾಷಾ ಸಾಬರಿಗೂ ಹೊಳೆದಿರಲಿಲ್ಲ. ನನಗೆ ಹೊಳೆಯದಿದ್ದದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ, ನನಗೆ ಯಾವಾಗಲೂ ಹೊಳೆಯುವುದಿಲ್ಲ.

ಕೂತ ಹಾಗೇ ಅವರ ಶೂ ಬಿಚ್ಚಿದೆ. ಬರಿಗಾಲನ್ನು ಪೆಡಲಿಗೆ ಇಳಿಸಿದರೆ, ಕೆಳ ಸುತ್ತಿನಲ್ಲಿ ಹೆಬ್ಬೆರಳ ತುದಿ ಮಾತ್ರ ತಾಗುತ್ತಿತ್ತು. ಒಂದು ಕ್ರೇಪ್ ಅಟ್ಟೆಯಷ್ಟು ಕೊರತೆ. ಸಮ ನೆಲದಲ್ಲಾದರೆ ಹೇಗೋ ಸಾಗುತ್ತಿತ್ತು, ಆ ಏರಿನಲ್ಲಿ ಬೆರಳ ತುದಿಯಿಂದ ತುಳಿಯುವುದು ಆಗದ ಮಾತು.

"ಸೀಟು ಇಳಿಸ್ಬೇಕು. ಇಳೀರಿ ಸಾರ್" ಅಂದರು ಬಾಷಾ ಸಾಬರು ಸ್ಪ್ಯಾನರ್ ತೆಗೆಯುತ್ತ.

"ಇಳಿಯೋ ಹಾಗಿದ್ರೆ ಅಮ್ಮನ ಜೊತೆ ಗಾಡೀಲೇ ಹೋಗ್ತಿದ್ದೆ" ಅಂದರು ಮೇಷ್ಟ್ರು. ಒಂದು ಕ್ಷಣ ಮೇಲೆ ನೋಡಿದರು, ಕೆಳಗೆ ನೋಡಿದರು. ಆಮೇಲೆ ಎರಡು ಬಿಳಲನ್ನು ಎರಡು ಕೈಗೆ ಸುತ್ತಿಕೊಂಡು, "ಲೋ ಗ್ರಾಮಫೋನು, ಕಾಲು ಹಿಡ್ಕೊ!" ಅಂದು ಮೇಲಕ್ಕೆ ಎದ್ದೇಬಿಟ್ಟರು.

ಹನುಮಂತರಾಯನ ಗುಡ್ಡದ ಬುಡದಲ್ಲಿ, ಕರಿ ಕೋಟು ಕಚ್ಚೆ ಪಂಚೆಯ ನಮ್ಮ ಲೆಕ್ಕದ ಮೇಷ್ಟ್ರು ಆಲದ ಮರಕ್ಕೆ ನೇತಾಡುತ್ತಿದ್ದರು. ಹೂವಿನವಳು ಕೈ ಮುಗಿದಳು. ಯಾರಿಗೆಂದು ನಾನು ಕೇಳಲಿಲ್ಲ. ಬಾಷಾ ಸಾಬರು ಚಕ್ರವನ್ನು ತೊಡೆಯ ನಡುವೆ ಹಿಡಿದು ನಟ್ಟು ಸಡಿಲಿಸುತ್ತಿದ್ದರು. ನಾನು ಮೊಣಕಾಲೂರಿ ಮೇಷ್ಟ್ರ ಎರಡೂ ಪಾದಗಳನ್ನು ಅಂಗೈಯಲ್ಲಿ ಹಿಡಿದಿದ್ದೆ. ಪಂಚೆ ಸರಿದು ಮೀನಖಂಡ ಕಾಣಿಸಿತು. ಬಲಗಾಲಿನದು ಕುಸ್ತಿಯವರ ಹಾಗಿತ್ತು. ಎಡಗಾಲಿನದು ನನ್ನ ಮುಂಗೈಯಷ್ಟೇ ಇತ್ತು.

ಚಕ್ರ ಯಾವಾಗಲೂ ಎಡಕ್ಕೇ ಏಕೆ ತೂಗುತ್ತಿತ್ತು, ಏಳು ಇಂಚಿನ ಕ್ರ್ಯಾಂಕನ್ನು ಅವರು ಏಕೆ ಅಷ್ಟು ಬೇಗ ಬಿಟ್ಟುಕೊಟ್ಟರು, ಆಗ ತಿಳಿಯಿತು. ಹೊಟ್ಟೆಯದೊಂದು ನೆಪ. ಆ ದೊಡ್ಡ ಸುತ್ತನ್ನು ತಿರುಗಿಸಲು ಆ ಕಾಲಿಗೆ ಆಗುತ್ತಿರಲಿಲ್ಲ. ಆಗುವ ಸುತ್ತು ಯಾವುದು ಎಂದು ಅವರು ಅಳೆದದ್ದು ಗೋಡೆಯ ಮೇಲಲ್ಲ, ಆ ಕಾಲಿನಲ್ಲಿ.

"ಏನೋ ನೋಡ್ತಿದೀಯ? ಭಾರಾನಾ?" ಅಂದರು ಮೇಲಿನಿಂದ.

"ಇಲ್ಲ ಸಾರ್. ಹಗುರ ಇದೀರಿ" ಅಂದೆ. ನನ್ನದೇ ದನಿಯಲ್ಲಿ.

ಸೀಟು ಇಳಿಯಿತು, ಮೇಷ್ಟ್ರೂ ಸೀಟಿಗೆ ಇಳಿದರು. ಪಾದ ಪೂರ್ತಿ ಪೆಡಲಿಗೆ ಕೂತಿತು. ಹೊರಟರು.

"ಹತ್ತೊಂಬತ್ತೊಂದ್ಲ ಹತ್ತೊಂಬತ್ತು! ಹತ್ತೊಂಬತ್ತೆರಡ್ಲ ಮೂವತ್ತೆಂಟು!" ನಾನು ಮುಂದೆ ಓಡುತ್ತ, ದಾರಿಗೆ ಅಡ್ಡ ಬಂದ ಆಡು, ಕುರಿ, ಭಕ್ತಾದಿಗಳನ್ನು ಪೊಲೀಸಿನವರ ದನಿಯಲ್ಲಿ ಸರಿಸುತ್ತಿದ್ದೆ. ಹಿಂದೆ ಬಾಷಾ ಸಾಬರು ಬೀಳುವ ಗೋಡೆಗೆ ಆಸರೆ ಕೊಡುವವರ ಹಾಗೆ ಕೈ ಚಾಚಿಕೊಂಡು, ಆದರೆ ಮುಟ್ಟದೆ ಬರುತ್ತಿದ್ದರು. ಮಗ್ಗಿ ಮುಗಿದರೆ ಮತ್ತೆ ಮೊದಲಿನಿಂದ. ಸೈಕಲ್ ತಳ್ಳಿಕೊಂಡು ಹತ್ತುತ್ತಿದ್ದ ಇಬ್ಬರು ಹಾಲಿನವರು ಕ್ಯಾನು ಸಮೇತ ನಿಂತು ನೋಡಿದರು. ಅವರ ಪಕ್ಕದಲ್ಲೇ ಮೇಷ್ಟ್ರು ಕೂತುಕೊಂಡೇ ದಾಟಿಹೋದರು.

ಗುಡಿಯ ಕೆಳಗಿನ ಕೊನೆಯ ತಿರುವು ಬಂಡೆಯ ಮೇಲಿದೆ, ಇಡೀ ದಾರಿಯಲ್ಲಿ ಅದೇ ಕಡಿದು. ಅಲ್ಲಿ ಎಡ ಪೆಡಲು ಮೇಲಿದ್ದಾಗ ಚಕ್ರ ನಿಂತಿತು. ಇನ್ನು ತುಳಿಯಬೇಕಾದದ್ದು ಆ ಕಾಲು. ಮೇಷ್ಟ್ರ ಕೈ ಗಾಳಿಯಲ್ಲಿ ಹುಡುಕಾಡಿತು. "ಹತ್ತೊಂಬತ್ತಾರ್ಲ ನೂರಾ ಹದಿನಾಲ್ಕು" ಅಂದವರ ಬಾಯಿ ಹಾಗೇ ತೆರೆದುಕೊಂಡಿತು. ಮುಂದಿನ ಸಾಲು ಬರಲಿಲ್ಲ. ಕಣ್ಣಿನಲ್ಲಿ ನಾನು ಎಂದೂ ನೋಡಿರದ ಭಯ ಬಂತು. ಕರಿಹಲಗೆಯ ಮುಂದೆ ನಿಂತ ನನ್ನ ಕಣ್ಣಿನಲ್ಲಿ ಅವರು ಎಷ್ಟೋ ಸಲ ನೋಡಿದ್ದ ಭಯ ಅದು.

ನನಗೆ ಗೊತ್ತಿರುವ ವಿದ್ಯೆ ಒಂದೇ. ಮೂಗಿನಿಂದ ಉಸಿರೆಳೆದು, ಗುಡ್ಡವೆಲ್ಲ ಕೇಳುವ ಹಾಗೆ, ಅವರ ದನಿಯಲ್ಲೇ ಅವರನ್ನು ಗದರಿಸಿದೆ:

"ಹ್ಞೂಂ... ಮುಂದೆ? ಹತ್ತೊಂಬತ್ತೇಳ್ಲ ಎಷ್ಟೋ?"

"ನೂರಾ ಮೂವತ್ಮೂರು!" ಅಂತ ಮೇಷ್ಟ್ರು ಸಿಡಿದರು. ಎಡಗಾಲು ಇಳಿಯಿತು. ಚಕ್ರ ಬಂಡೆ ಹತ್ತಿತು.

ಗುಡಿಯ ಮುಂದೆ ಅಜ್ಜಿ ಮಣೆ ಹಾಕಿಕೊಂಡು ಕೂತಿದ್ದರು. ಮೇಷ್ಟ್ರು ಕಂಬ ಹಿಡಿದು, ಚಕ್ರದ ಮೇಲೆ ಕೂತೇ, ಏದುಸಿರಿನಲ್ಲಿ ಕೇಳಿದರು: "ಅಮ್ಮಾ, ಇಳೀಲಾ?" ನೆರೆತ ತಲೆಯ ಮನುಷ್ಯ ಹಾಗೆ ಕೇಳಿದ್ದನ್ನು ನಾನು ಯಾವ ವೇದಿಕೆಯ ಮೇಲೂ ಅನುಕರಿಸಿಲ್ಲ. ಅನುಕರಿಸುವುದೂ ಇಲ್ಲ.

"ಇಳಿಯಪ್ಪಾ. ಬಂದ್ಯಲ್ಲ, ಅವನೆದುರಿಗೇ ಬಂದೆ" ಅಂದರು ಅಜ್ಜಿ. ಮಗ ಇಳಿದು ಅಡ್ಡಬಿದ್ದಾಗ ಆ ಎಡಗಾಲನ್ನು ಒಮ್ಮೆ ಮುಟ್ಟಿ, ಬೆರಳನ್ನು ಕಣ್ಣಿಗೆ ಒತ್ತಿಕೊಂಡರು. ಬಾಷಾ ಸಾಬರು ಹೊರಗೆ ನಿಂತು ಯಾವ ಕಾರಣವೂ ಇಲ್ಲದೆ ಸ್ಪ್ಯಾನರ್ ಒರೆಸುತ್ತಿದ್ದರು.

ತೀರ್ಥ ಪ್ರಸಾದವಾದ ಮೇಲೆ ಮೇಷ್ಟ್ರು ಮತ್ತೆ ಮೇಷ್ಟ್ರಾದರು. ಇಳಿಯುವಾಗ ಕ್ರ್ಯಾಂಕಿನ ಉದ್ದ ಹೇಗೆ ಬ್ರೇಕಿನ ಕೆಲಸ ಮಾಡುತ್ತದೆಂದು ಪೂಜಾರಿಗೆ ನೆಲದ ಮೇಲೆ ಕುಂಕುಮದಲ್ಲಿ ವೃತ್ತ ಬರೆದು ವಿವರಿಸಿ, ಚಕ್ರಕ್ಕೆ ಕೈ ಹಾಕಿದರು. ಅಜ್ಜಿ ಗಾಡಿ ಹತ್ತುತ್ತಿದ್ದವರು ತಿರುಗಿದರು.

"ಸಾಕು, ಅದನ್ನ ಆ ಹುಡುಗನ ಕೈಲಿ ಕೊಡು. ನೀನು ನಡ್ಕೊಂಡು ಇಳಿ. ನಡೀಲಿ ಅಂತ ತಾನೆ ನಾನು ಕೇಳ್ಕೊಂಡಿದ್ದು."

ಇಳಿಯುವ ಬುದ್ಧಿಯೆಲ್ಲ ಹಾಗೇ ಉಳಿಯಿತು. ಮೇಷ್ಟ್ರು ತಾಯಿಯ ಗಾಡಿಯ ಹಿಂಬದಿಯ ಮರವನ್ನು ಹಿಡಿದುಕೊಂಡು, ಬರಿಗಾಲಲ್ಲಿ ಗುಡ್ಡ ಇಳಿಯತೊಡಗಿದರು. ಬಲಗಾಲು ದೊಡ್ಡ ಹೆಜ್ಜೆ, ಎಡಗಾಲು ಸಣ್ಣ ಹೆಜ್ಜೆ. ನಾನು ಚಕ್ರವನ್ನು ಹೆಗಲಿಗೇರಿಸಿ ಮುಂದೆ ನಡೆದೆ. ಕಿರೀಟವನ್ನು ತಲೆಯ ಬದಲು ಹೆಗಲ ಮೇಲೆ ಇಟ್ಟುಕೊಂಡವನ ಹಾಗೆ.

ಕಲ್ಲುಗಂಬದ ಹತ್ತಿರ ಆ ಹಾಲಿನವರು ಮೇಲೆ ಹಾಲು ಕೊಟ್ಟು ಇಳಿದು ಬಂದು ಕಾದಿದ್ದರು, ಜೊತೆಗೆ ಒಂದಷ್ಟು ಜನ ಸೇರಿದ್ದರು. ಹೊಸಬನೊಬ್ಬ ಚಕ್ರ ನೋಡಿ ಕೇಳಿದ, "ಏನಣ್ಣಾ, ಇನ್ನೊಂದು ಚಕ್ರ ಎಲ್ಲಿ?"

ಮೂಗಿನಿಂದ ಉಸಿರೆಳೆದುಕೊಂಡೆ.

"ಹಿಂದೆ ಬರ್ತಾ ಇದೆ, ದಾರಿ ಬಿಡಿ."

ಜನ ಸರಿದು ಹಿಂದೆ ನೋಡಿದರು. ನಮ್ಮ ಮೇಷ್ಟ್ರು ನಡೆದು ಬರುತ್ತಿದ್ದರು.